ಮುಂದಿನ ಮಳೆಗಾಲಕ್ಕೆ ಬೈಕ್ ಎಲ್ಲಿ ನಿಲ್ಲುತ್ತದೆ? ಒಂದು ಆರ್‌ಎಕ್ಸ್ 100 ಮಾರಿದ ಪ್ರಕರಣ

ಮಂಗಳೂರಿನ ಒಂದು ಕಂಪನಿಯಲ್ಲಿ ಹೊಸದಾಗಿ ಸೇರಿದವರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಸಂಬಳ, ರೂಮ್ ಬಾಡಿಗೆ, ಓದಿಗೆ ಮಾಡಿದ ಸಾಲ, ಊರಿಗೆ ಕಳಿಸುವ ದುಡ್ಡು ಎಲ್ಲದರ ಬಗ್ಗೆಯೂ ಬಂದು ಕೇಳುತ್ತಾರೆ. ಇವುಗಳಿಗೆಲ್ಲ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದರೆ ಏನೋ ಒಂದು ದಾರಿ ಕಾಣುತ್ತದೆ. ಬೈಕಿನ ವಿಷಯ ಬಂದರೆ ಮಾತ್ರ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ, ಯಾಕೆಂದರೆ ಕೇಳುವವನಿಗೆ ಲೆಕ್ಕ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ಬಿಡಲಿಕ್ಕೆ ಆಗುವುದಿಲ್ಲ. ಅದಕ್ಕೇ ಬಂದಿರುತ್ತಾನೆ.

ಇದು ಹಾಗೆ ಬಂದ ಒಬ್ಬ ಹುಡುಗನ ಪ್ರಕರಣ. ಬರೆಯಲು ಅವನು ಒಪ್ಪಿದ್ದಾನೆ, ಬೇರೆಯವರಿಗೆ ಉಪಯೋಗ ಆಗ್ಲಿ ಎಂದು ಅವನೇ ಹೇಳಿದ. ಹೆಸರು, ಹಳ್ಳಿ, ಗಾಡಿ ನಂಬರ್ ಯಾವುದನ್ನೂ ಇಲ್ಲಿ ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ಸಂಗತಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ನಿರ್ಧಾರಗಳು ಮಾತ್ರ ಇದ್ದ ಹಾಗೇ ಇವೆ.

ಹುಡುಗ, ಮಾವ, ಗಾಡಿ

ಹುಡುಗನದ್ದು ಕಾರ್ಕಳ ತಾಲೂಕಿನ ಹಳ್ಳಿ. ಅಪ್ಪನಿಗೆ ಸ್ವಲ್ಪ ಅಡಿಕೆ ತೋಟ ಉಂಟು, ಅಮ್ಮ ಬೀಡಿ ಕಟ್ಟುತ್ತಾರೆ, ಅಕ್ಕನಿಗೆ ಮದುವೆಯಾಗಿದೆ. 2022ರ ಜುಲೈಯಲ್ಲಿ ಅವನು ಮಂಗಳೂರಿಗೆ ಕೆಲಸಕ್ಕೆ ಬಂದಾಗ ವಯಸ್ಸು 22. ಕೈಗೆ ಬರುವ ಸಂಬಳ 18,500 ರೂಪಾಯಿ. ಅದರಲ್ಲಿ ಶಿಕ್ಷಣ ಸಾಲದ ಕಂತು 5,200, ಕೊಟ್ಟಾರದಲ್ಲಿ ಹಂಚಿಕೊಂಡ ರೂಮಿಗೆ 4,000, ಊಟ ತಿಂಡಿಗೆ ಸುಮಾರು 5,500, ಮನೆಗೆ 2,000. ಉಳಿಯುವುದು 1,800.

ಗಾಡಿ 1994ರ ಯಮಹಾ ಆರ್‌ಎಕ್ಸ್ 100. ಅಮ್ಮನ ತಮ್ಮ, ಅಂದರೆ ಹುಡುಗನ ಸೋದರಮಾವ, ಮುಂಬೈಯಲ್ಲಿ ಹೋಟೆಲ್ ಕೆಲಸ ಮಾಡಿ ಉಳಿಸಿದ ದುಡ್ಡಲ್ಲಿ ಊರಿಗೆ ಬಂದಾಗ ಹೊಸದಾಗಿ ತೆಗೆದದ್ದು. ಕೆಲವು ವರ್ಷ ಊರಲ್ಲಿ ಇದ್ದರು, ಮತ್ತೆ ಮುಂಬೈಗೆ ಹೋದರು. ಗಾಡಿ ಅವರ ಅಕ್ಕನ, ಅಂದರೆ ಹುಡುಗನ ಅಮ್ಮನ ಮನೆಯಲ್ಲಿ ಉಳಿಯಿತು. ಹುಡುಗ ದೊಡ್ಡವನಾದ ಮೇಲೆ ರಜೆಗೆ ಬಂದ ಮಾವ ಕೊಯ್ಲಾದ ಗದ್ದೆಯಲ್ಲಿ ಅವನಿಗೆ ಕ್ಲಚ್ ಬಿಡುವುದು ಕಲಿಸಿದರು. ಹೋಗುವಾಗ, "ಇನ್ನು ನೀನೇ ನೋಡಿಕೊ" ಎಂದರು.

ಆರ್‌ಎಕ್ಸ್ 100 ಎಂದರೆ ಕರಾವಳಿಯಲ್ಲಿ ಏನು ಎಂಬುದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಆದರೂ ಗೊತ್ತಿಲ್ಲದವರಿಗೆ ಎರಡು ಮಾತು. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, 11 ಕುದುರೆ ಶಕ್ತಿ, ತೂಕ ನೂರು ಕಿಲೋ ಆಸುಪಾಸು. ತೂಕ ಕಡಿಮೆ, ಎಳೆತ ಜಾಸ್ತಿ, ಹಾಗಾಗಿ ಆಗಿನ ದೊಡ್ಡ ಗಾಡಿಗಳನ್ನೂ ಹಿಂದೆ ಹಾಕುತ್ತಿತ್ತು. ಎಸ್ಕಾರ್ಟ್ಸ್ ಜೊತೆ ಸೇರಿ ಯಮಹಾ ಇದನ್ನು 1985ರಲ್ಲಿ ಶುರು ಮಾಡಿತು, 1996ರಲ್ಲಿ ನಿಲ್ಲಿಸಿತು. ಆಮೇಲೆ ಬಂದ ಹೊಗೆ ನಿಯಮಗಳಲ್ಲಿ ಇಂಥ ಟೂ ಸ್ಟ್ರೋಕ್‌ಗಳಿಗೆ ಬರಬರುತ್ತಾ ಜಾಗವೇ ಇಲ್ಲದಾಯಿತು. ಹೊಸದು ಇನ್ನು ಬರುವುದಿಲ್ಲ, ಅದಕ್ಕೇ ಇದ್ದದ್ದಕ್ಕೆ ಇಷ್ಟು ಬೆಲೆ.

ಈ ಹುಡುಗ ಸುಮ್ನೆ ಓಡಿಸುವವನಲ್ಲ. ಎಸ್‌ಎಸ್‌ಎಲ್‌ಸಿ ರಜೆಯಲ್ಲಿ ಊರಿನ ಮೆಕ್ಯಾನಿಕ್ ಹತ್ತಿರ ಕೂತು ಕಾರ್ಬೊರೇಟರ್ ಬಿಚ್ಚಿ ಕಟ್ಟುವುದು, ಪ್ಲಗ್ ನೋಡಿ ಎಣ್ಣೆ ಜಾಸ್ತಿಯೋ ಕಡಿಮೆಯೋ ಹೇಳುವುದು, ಸೈಲೆನ್ಸರಿನ ಮಸಿ ತೆಗೆಯುವುದು ಎಲ್ಲ ಕಲಿತಿದ್ದ. ಕಾಲೇಜಿಗೆ ಅದರಲ್ಲೇ ಹೋಗುತ್ತಿದ್ದ. ಭಾನುವಾರ ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಟ್ಟ ಹತ್ತಿ, ಮೇಲೆ ಒಂದು ಚಾ ಕುಡಿದು ಇಳಿದು ಬರುವುದು. ತರಗತಿಯಲ್ಲಿ ಹಿಂದಿನ ಬೆಂಚಿನ ಸುಮ್ಮನಿರುವ ಹುಡುಗ, ಗಾಡಿಯಿಂದಾಗಿ ನಾಲ್ಕು ಜನಕ್ಕೆ ಗೊತ್ತಾದ. ಅವನು ಇದನ್ನು ನನಗೆ ಹೇಳಿದ್ದು ತುಂಬ ತಡವಾಗಿ. ಆದರೆ ಓದುವವರು ಮೊದಲೇ ತಿಳಿದುಕೊಂಡರೆ ಒಳ್ಳೆಯದು. ಮಾರುವುದು ಕಷ್ಟ ಆದದ್ದು ಇಲ್ಲೇ. ಗಾಡಿ ಹೋದರೆ ತಾನು ಮತ್ತೆ ಆ ಹಿಂದಿನ ಬೆಂಚಿನ ಹುಡುಗ ಎಂದು ಅವನಿಗೆ ಅನ್ನಿಸುತ್ತಿತ್ತು.

ಮೊದಲ ಪ್ರಯತ್ನ: ಜೊತೆಗೇ ಇಟ್ಟುಕೊಳ್ಳುವುದು

ಕೆಲಸ ಸಿಕ್ಕಿದ ಕೂಡಲೇ ಗಾಡಿಯನ್ನು ಮಂಗಳೂರಿಗೆ ತಂದ. ಜುಲೈ ತಿಂಗಳು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ರೂಮಿನ ಕೆಳಗೆ ಮಾಡು ಇರಲಿಲ್ಲ. ಕೊಟ್ಟಾರ ಚೌಕಿಯಲ್ಲಿ ದೊಡ್ಡ ಮಳೆಗೆ ನೀರು ನಿಲ್ಲುವುದು ಮಂಗಳೂರಿನವರಿಗೆಲ್ಲ ಗೊತ್ತು. ಅದೇ ನೀರಲ್ಲಿ ಸೈಲೆನ್ಸರ್ ಮುಳುಗಿಸಿಕೊಂಡು ಆಫೀಸಿಗೆ ಹೋಗುತ್ತಿದ್ದ. ಸಮುದ್ರದ ಉಪ್ಪು ಗಾಳಿ ಬೇರೆ. ದೀಪಾವಳಿ ಹೊತ್ತಿಗೆ ಕ್ರೋಮ್ ಮಡ್‌ಗಾರ್ಡ್ ಮೇಲೆ ಕಂದು ಚುಕ್ಕೆ ಎದ್ದಿತ್ತು.

ವಾರದ ಕೊನೆಗೆ ಮೂಡಬಿದಿರೆ ಮೇಲಾಗಿ ಊರಿಗೆ ಹೋಗಿ ಬರುವುದು, ಹೋಗುವಾಗ ಐವತ್ತು ಕಿಲೋಮೀಟರ್, ಬರುವಾಗ ಐವತ್ತು. ಕುಲಶೇಖರದಿಂದ ಸಾಣೂರಿನವರೆಗೆ ಚತುಷ್ಪಥದ ಕೆಲಸ ನಡೆಯುತ್ತಿದ್ದ ರಸ್ತೆ ಅದು. ಮಳೆಗೆ ಕೆಸರು, ಬೇಸಿಗೆಗೆ ಧೂಳು. ಪೆಟ್ರೋಲು, ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದ ಎಣ್ಣೆ), ಅಲ್ಲಿ ಇಲ್ಲಿ ಹುಡುಕಿ ತರಿಸುವ ಪಾರ್ಟ್ಸ್. ತಿಂಗಳ ಕೊನೆಗೆ ಉಳಿಯುವ 1,800 ಎಲ್ಲಿಗೆ ಸಾಕು? ಮನೆಗೆ ಕಳಿಸುವ ಎರಡು ಸಾವಿರ ಕೆಲವು ತಿಂಗಳು ಹೋಗಲಿಲ್ಲ. ಅಮ್ಮ ಕೇಳಲಿಲ್ಲ. ಕೇಳದೇ ಇದ್ದದ್ದು ಅವನಿಗೆ ಜಾಸ್ತಿ ನೋವಾಯಿತು.

ಎರಡನೇ ಪ್ರಯತ್ನ: ಊರಲ್ಲಿ ನಿಲ್ಲಿಸಿ ಇಡುವುದು

2023ರ ಮಳೆಗಾಲಕ್ಕೆ ಮೊದಲು ಗಾಡಿಯನ್ನು ಊರಿಗೆ ತೆಗೆದುಕೊಂಡು ಹೋಗಿ ಕೊಟ್ಟಿಗೆಯ ಬದಿಯಲ್ಲಿ ನಿಲ್ಲಿಸಿದ. ಮೇಲೆ ಟಾರ್ಪಾಲ್ ಹಾಕಿ ಹಗ್ಗ ಬಿಗಿದ. ಇನ್ನು ಬಸ್ಸು. "ಸದ್ಯಕ್ಕೆ ಇರ್ಲಿ, ಸಂಬಳ ಜಾಸ್ತಿ ಆದ ಮೇಲೆ ನೋಡುವ" ಎಂಬುದು ಯೋಚನೆ.

ನನ್ನ ಪ್ರಕಾರ ಈ ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ನಿರ್ಧಾರ ಇದು. ನಿರ್ಧಾರ ಎಂದು ಕಾಣುವುದೇ ಇಲ್ಲ, ಅಲ್ವಾ? ಮಾರಲಿಲ್ಲ, ಓಡಿಸಲಿಲ್ಲ, ಸುಮ್ನೆ ಇಟ್ಟ. ಇಟ್ಟರೆ ಇದ್ದ ಹಾಗೇ ಇರುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಒಣ ಊರಿನಲ್ಲಿ ಸ್ವಲ್ಪ ಮಟ್ಟಿಗೆ ಇರಬಹುದು, ನಮ್ಮಲ್ಲಿ ಇರುವುದಿಲ್ಲ.

ನವೆಂಬರಿನಲ್ಲಿ ಟಾರ್ಪಾಲ್ ತೆಗೆದಾಗ ಕಂಡದ್ದು: ಟ್ಯಾಂಕಿನ ಒಳಗೆ ತುಕ್ಕು, ಕಾರ್ಬೊರೇಟರ್ ಒಳಗೆ ಅಂಟು ಅಂಟು, ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಹಿಡಿದಿದ್ದವು, ಹೆಡ್‌ಲೈಟಿನ ಹಿಂದಿನ ವಯರುಗಳನ್ನು ಇಲಿ ಕಡಿದಿತ್ತು, ಸೀಟಿನ ಅಡಿ ಬಿಳಿ ಬೂಸ್ಟು. ಊರಿನ ಮೆಕ್ಯಾನಿಕ್ ಕಾರಣ ಬಿಡಿಸಿ ಹೇಳಿದರು. ಟ್ಯಾಂಕ್ ಅರ್ಧ ಖಾಲಿ ಇತ್ತು. ಖಾಲಿ ಜಾಗದ ತೇವ ಒಳಗೇ ನೀರಾಗಿ ತಗಡಿಗೆ ತಾಗಿತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಗಾಡಿಯ ರಬ್ಬರಿಗೂ ಅದು ಆಗುವುದಿಲ್ಲ. ಟಾರ್ಪಾಲ್ ಬಿಗಿಯಾಗಿ ಕಟ್ಟಿದ್ದರಿಂದ ನೆಲದ ಹಸಿ ಮೇಲಕ್ಕೆ ಬಂದು ಅಲ್ಲೇ ಉಳಿಯಿತು. ಅವರು ಹೇಳಿದ ಕ್ರಮವನ್ನು ಇಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು. ಮಳೆಗಾಲಕ್ಕೆ ನಿಲ್ಲಿಸುವುದೇ ಆದರೆ ಟ್ಯಾಂಕನ್ನು ಪೂರ್ತಿ ತುಂಬಿಸಬೇಕು ಅಥವಾ ಪೂರ್ತಿ ಖಾಲಿ ಮಾಡಿ ಒಳಗೆ ಎಣ್ಣೆ ಸವರಬೇಕು. ಕಾರ್ಬೊರೇಟರಿನ ಪೆಟ್ರೋಲ್ ಇಳಿಸಬೇಕು. ಪ್ಲಗ್ ಬಿಚ್ಚಿ ಎರಡು ಹನಿ ಎಣ್ಣೆ ಬಿಟ್ಟು ಕಿಕ್ಕನ್ನು ನಿಧಾನ ತಿರುಗಿಸಬೇಕು. ನೆಲಕ್ಕೆ ಹಲಗೆ ಹಾಕಬೇಕು, ಮೇಲಿಂದ ಹಳೆಯ ಬಟ್ಟೆ ಸಾಕು, ಪ್ಲಾಸ್ಟಿಕ್ ಬೇಡ, ಗಾಳಿ ಆಡಬೇಕು. ಇದೆಲ್ಲ ಆದ ಮೇಲೂ ಯಾರಾದರೂ ಆಗಾಗ ಬಂದು ನೋಡಬೇಕು.

ಆ "ಯಾರಾದರೂ" ಅವನ ಮನೆಯಲ್ಲಿ ಇರಲಿಲ್ಲ. ಅಪ್ಪನಿಗೆ ತೋಟ, ಅಮ್ಮನಿಗೆ ಬೀಡಿ. ಮೆಕ್ಯಾನಿಕ್ ಪೂರ್ತಿ ಸರಿ ಮಾಡಿ ಹೊಸದರ ಹಾಗೆ ಮಾಡಲು ಸುಮಾರು 40 ಸಾವಿರ ಹೇಳಿದರು. ಹುಡುಗ ಫೋನಿನ ಆಪ್ ಒಂದರಲ್ಲಿ ಪರ್ಸನಲ್ ಲೋನ್ ಎಷ್ಟು ಸಿಗುತ್ತದೆ ಎಂದು ನೋಡಲು ಶುರು ಮಾಡಿದ. ಸದ್ಯಕ್ಕೆ ಓಡುವಷ್ಟು ಮಾತ್ರ ಕೆಲಸ ಮಾಡಿಸಿದ.

ಕಂಬಳಕ್ಕೆ ಹೋದ ಗಾಡಿ

2024ರ ಜನವರಿಯಲ್ಲಿ ದೊಡ್ಡಮ್ಮನ ಮಗ ಕಂಬಳ ನೋಡಲಿಕ್ಕೆಂದು ಗಾಡಿ ಕೇಳಿ ತೆಗೆದುಕೊಂಡು ಹೋದ. ಗದ್ದೆಯ ಹತ್ತಿರ ಜನಜಂಗುಳಿ. ಅಲ್ಲಿ ಒಂದು ಸ್ಕೂಟರಿಗೆ ತಾಗಿಸಿದ. ಹಿಂದೆ ಕೂತಿದ್ದ ಹೆಂಗಸಿನ ಮೊಣಕಾಲು ತರಚಿತು, ದೊಡ್ಡದೇನೂ ಆಗಲಿಲ್ಲ. ಅಲ್ಲೇ ನಾಲ್ಕು ಜನ ಸೇರಿ ಮಾತಾಡಿ ಮೂರು ಸಾವಿರಕ್ಕೆ ಮುಗಿಸಿದರು.

ಆ ರಾತ್ರಿ ಹುಡುಗ ಕಾಗದ ತೆಗೆದು ನೋಡಿದ. ಗಾಡಿ ಟಾರ್ಪಾಲಿನ ಅಡಿ ಇದ್ದಾಗಲೇ ಇನ್ಶೂರೆನ್ಸ್ ಮುಗಿದಿತ್ತು. ಓಡದ ಗಾಡಿಗೆ ಯಾಕೆ ಎಂದು ಕಟ್ಟಿರಲಿಲ್ಲ. ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಈಗಲೂ ಮಾವನ ಹೆಸರು. ಅದರ ಅವಧಿ 2024ರ ಜೂನಿಗೆ ಮುಗಿಯುತ್ತದೆ. 1994ರಿಂದ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 2009, 2014, 2019 ಎಲ್ಲ ಮಾವ ಊರಿಗೆ ಬಂದಾಗ ಹೇಗೋ ಆಗಿತ್ತು.

ಫೆಬ್ರವರಿಯಲ್ಲಿ ನನ್ನ ಹತ್ತಿರ ಬಂದ. ಕೇಳಿದ್ದು ಲೋನ್ ಬಗ್ಗೆ. 40 ಸಾವಿರ ತೆಗೆದರೆ ಕಂತು ಕಟ್ಟಲು ಆಗುತ್ತದಾ, ಅಷ್ಟೇ. ಲೋನ್ ಯಾಕೆ ಎಂದು ಕೇಳಿದ ಮೇಲೆ ಒಂದೊಂದಾಗಿ ಮೇಲಿನದ್ದೆಲ್ಲ ಬಂತು.

ನಾನು ಮಾರು ಎಂದೂ ಹೇಳಲಿಲ್ಲ, ಇಟ್ಟುಕೊ ಎಂದೂ ಹೇಳಲಿಲ್ಲ. ಹೀಗೆ ಬರುವ ಹುಡುಗರಿಗೆ ಮಾರು ಎಂದು ಎಲ್ಲರೂ ಹೇಳಿರುತ್ತಾರೆ, ಅದರಿಂದ ಹಟ ಜಾಸ್ತಿ ಆಗುತ್ತದೆ. ನಾನು ಕೇಳಿದ್ದು ಒಂದೇ. "ಲೋನ್ ತೆಗೆದು ಸರಿ ಮಾಡಿಸಿದೆ ಅಂತ ಇಟ್ಟುಕೊ. ಮುಂದಿನ ಮಳೆಗಾಲ ಅದು ಎಲ್ಲಿ ನಿಲ್ಲುತ್ತದೆ?"

ರೂಮಿನಲ್ಲಿ ಜಾಗ ಇಲ್ಲ. ಕೊಟ್ಟಿಗೆ ಬದಿ ಏನಾಯಿತು ಎಂದು ನೋಡಿದ್ದಾನೆ. ಆಫೀಸಿನ ಪಾರ್ಕಿಂಗಿನಲ್ಲಿ ರಾತ್ರಿ ಬಿಡುವ ಹಾಗಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತ. "ಎಲ್ಲಿಯೂ ಇಲ್ಲ ಸರ್" ಎಂದ. 40 ಸಾವಿರ ಖರ್ಚು ಮಾಡಿ ಮತ್ತೆ ಅದೇ ತುಕ್ಕಿಗೆ ಕೊಡುವುದು ಎಂದು ಅವನಿಗೇ ಗೊತ್ತಾಯಿತು.

ಇದು ಮೊದಲ ತಿರುವು. ಅಲ್ಲಿಯವರೆಗೆ ಅವನ ತಲೆಯಲ್ಲಿ ಇದ್ದದ್ದು "ಗಾಡಿಯ ಮೇಲೆ ನನಗೆ ಪ್ರೀತಿ ಉಂಟಾ ಇಲ್ವಾ" ಎಂಬ ಪ್ರಶ್ನೆ. ಅದಕ್ಕೆ ಉತ್ತರ ಯಾವಾಗಲೂ ಉಂಟು ಎಂದೇ ಬರುತ್ತದೆ, ಹಾಗಾಗಿ ಮಾರುವುದು ದ್ರೋಹ ಅನ್ನಿಸುತ್ತದೆ. ಗಾಡಿ ಎಲ್ಲಿ ಚೆನ್ನಾಗಿ ಇರುತ್ತದೆ ಎಂದು ಕೇಳಿದರೆ ಉತ್ತರ ಬೇರೆ ಬರುತ್ತದೆ, ಪ್ರೀತಿ ಇದ್ದವನಿಗೆ ಆ ಉತ್ತರ ಬೇಗ ಸಿಗುತ್ತದೆ.

ಮಾವನ ಹೆಸರಿನ ಕಾಗದ

ಎರಡನೇ ತಿರುವು ಕಾಗದದಿಂದ ಬಂತು. ಅವನಿಗೆ ನಾನು ಒಂದು ತೀರ್ಪಿನ ವಿಷಯ ಹೇಳಿದೆ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣ, ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟದ್ದು. ಒಬ್ಬರು ಕಾರು ಮಾರಿದ್ದರು, ಅದು ಕೈಯಿಂದ ಕೈಗೆ ಹೋಯಿತು, ಆದರೆ ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ. ಅಪಘಾತ ಆದಾಗ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದ ಮೊದಲಿನವರ ಮೇಲೆಯೇ ಬಂತು. ಕಾನೂನಿನ ಕಣ್ಣಿಗೆ ಆರ್‌ಸಿಯಲ್ಲಿ ಇರುವವರೇ ಮಾಲೀಕರು.

ಅಂದರೆ ಕಂಬಳದ ದಿನ ಆ ಹೆಂಗಸಿಗೆ ಮೊಣಕಾಲು ತರಚುವ ಬದಲು ಬೇರೆ ಏನಾದರೂ ಆಗಿದ್ದರೆ? ಇನ್ಶೂರೆನ್ಸ್ ಇಲ್ಲ. ಓಡಿಸಿದ್ದು ದೊಡ್ಡಮ್ಮನ ಮಗ, ಕೊಟ್ಟದ್ದು ಇವನು, ಹೊಣೆ ಮುಂಬೈಯಲ್ಲಿ ಕೂತ ಮಾವನ ತಲೆಗೂ ಬರುತ್ತಿತ್ತು. ಅವರಿಗೆ ಸುದ್ದಿ ಕೂಡ ಗೊತ್ತಿಲ್ಲ.

ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಈ ಸೈಜಿನ ಎಂಜಿನ್ನಿಗೆ ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗೆ ಆಗುವ ಹಾನಿಯ ಇನ್ಶೂರೆನ್ಸಿನ ವರ್ಷದ ಪ್ರೀಮಿಯಂ 2024ರಲ್ಲಿ 714 ರೂಪಾಯಿ, ಜಿಎಸ್‌ಟಿ ಸೇರಿ 850ರ ಒಳಗೆ. ಎಂಟುನೂರು ರೂಪಾಯಿ ಉಳಿಸಲು ಹೋಗಿ ಇಷ್ಟು ದೊಡ್ಡ ಅಪಾಯವನ್ನು ಮನೆಯಲ್ಲಿ ಇಟ್ಟುಕೊಳ್ಳುವವರು ತುಂಬ ಜನ ಇದ್ದಾರೆ. ಓದುತ್ತಿರುವವರ ಮನೆಯಲ್ಲಿ ಅಜ್ಜನ ಹೆಸರಿನದ್ದೋ ಮಾವನ ಹೆಸರಿನದ್ದೋ ಗಾಡಿ ಇದ್ದರೆ ದಯವಿಟ್ಟು ಇವತ್ತೇ ಕಾಗದ ತೆಗೆದು ನೋಡಿ.

ಹುಡುಗ ಅವತ್ತು ರಾತ್ರಿಯೇ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದ, ಕಂಬಳದ್ದೂ ಹೇಳಿದ. ಬೈಗುಳಕ್ಕೆ ತಯಾರಾಗಿದ್ದ. ಮಾವ ಕೇಳಿದ್ದು, "ಆ ಹೆಂಗಸಿಗೆ ಈಗ ಹೇಗುಂಟು?" ಆಮೇಲೆ, "ಓಡಿಸ್ಲಿಕ್ಕೆ ಅಂತ ಕೊಟ್ಟದ್ದು ಮಾರಾಯ. ಮೂಲೆಯಲ್ಲಿ ತುಕ್ಕು ಹಿಡಿಸ್ಲಿಕ್ಕೆ ಅಲ್ಲ. ಮಾರುದಾದ್ರೆ ಮಾರು, ನಾನು ಬಂದು ಸಹಿ ಹಾಕ್ತೇನೆ." ಗಾಡಿ ಬಿಟ್ಟರೆ ಮಾವನಿಗೆ ನೋವಾಗುತ್ತದೆ ಎಂದು ಇವನು ಎರಡು ವರ್ಷ ಒದ್ದಾಡಿದ್ದ. ಅಷ್ಟೂ ಸಮಯದಲ್ಲಿ ಅವರನ್ನು ಒಮ್ಮೆಯೂ ಕೇಳಿರಲಿಲ್ಲ. ಬಿಡಲಾರದೆ ಹಿಡಿದುಕೊಂಡ ಎಷ್ಟೋ ವಸ್ತುಗಳ ಹಿಂದೆ ಹೀಗೆ ಕೇಳದೇ ಇದ್ದ ಒಂದು ಮಾತು ಇರುತ್ತದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಯಾರಿಗೆ ಕೊಡುವುದು

ಮಾವ ಏಪ್ರಿಲ್ ಕೊನೆಗೆ ಮನೆಯ ನೇಮಕ್ಕೆ (ದೈವದ ಕೋಲಕ್ಕೆ) ಬರುವವರಿದ್ದರು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ನಮ್ಮಲ್ಲಿ ನೇಮ ಕೋಲಗಳೆಲ್ಲ ಮುಗಿಯುತ್ತವೆ, ದೂರದ ಊರಿನವರು ಆಗ ಊರಲ್ಲಿರುತ್ತಾರೆ. ಆರ್‌ಸಿ ನವೀಕರಣಕ್ಕೆ ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಜೂನಿಗೆ ಮುಗಿಯುವುದಕ್ಕೂ ಮಾವ ಬರುವುದಕ್ಕೂ ಸರಿ ಹೊಂದಿತು.

ಇಲ್ಲಿ ಒಂದು ನಿರ್ಧಾರ ಮಾಡಬೇಕಿತ್ತು. ಇದ್ದ ಸ್ಥಿತಿಯಲ್ಲೇ ಮಾರುವುದಾ, ನವೀಕರಣ ಮಾಡಿಸಿ ಮಾರುವುದಾ, ಇಲ್ಲ ಪೂರ್ತಿ ಹೊಸದು ಮಾಡಿ ಮಾರುವುದಾ? ಮೂರನೆಯದು ಮನಸ್ಸಿಗೆ ಹಿತ. ಆದರೆ ಹಾಕಿದ ದುಡ್ಡು ಪೂರ್ತಿ ವಾಪಸ್ ಬರುತ್ತದೆ ಎನ್ನುವ ಹಾಗಿಲ್ಲ, ಹಳೆಯ ಗಾಡಿ ಹುಚ್ಚಿನವರು ತಮ್ಮ ಕೈಯಲ್ಲೇ ಕೆಲಸ ಮಾಡಲು ಇಷ್ಟಪಡುತ್ತಾರೆ. ಮೊದಲನೆಯದರಲ್ಲಿ ಅವಧಿ ದಾಟಿದ ಆರ್‌ಸಿಯ ತಲೆನೋವು, ತಡ ಮಾಡಿದರೆ ಬೈಕಿಗೆ ತಿಂಗಳಿಗೆ 300 ರೂಪಾಯಿಯಂತೆ ಹೆಚ್ಚುವರಿ ಶುಲ್ಕ. ಅವರು ಎರಡನೆಯದನ್ನು ಹಿಡಿದರು. ಬ್ರೇಕ್, ಹಾರ್ನ್, ಲೈಟು, ವಯರಿಂಗ್, ಟ್ಯಾಂಕ್ ಕ್ಲೀನ್, ಕ್ಲಚ್ ಪ್ಲೇಟ್. ಒಟ್ಟು 11 ಸಾವಿರ. ಇನ್ಶೂರೆನ್ಸ್, ಎಮಿಷನ್ ಟೆಸ್ಟ್, ನವೀಕರಣ ಶುಲ್ಕ 1,000, ಜೊತೆಗೆ ಹಳೆಯ ಗಾಡಿಗಳ ಮೇಲಿನ ಗ್ರೀನ್ ಟ್ಯಾಕ್ಸ್. ಉಡುಪಿ ಆರ್‌ಟಿಒದಲ್ಲಿ ಗಾಡಿ ತೋರಿಸಿ ಫಾರ್ಮ್ 25 ಕೊಟ್ಟು ನವೀಕರಣ ಆಯಿತು. ಆಗಿದ್ದಕ್ಕೆ ಒಳ್ಳೆಯದಾಯಿತು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಬೈಕುಗಳಿಗೆ ಆ ಶುಲ್ಕ 2,000 ಆಗಿದೆ.

ಕೊಳ್ಳುವವರು ಮೂವರು ಬಂದರು. ಒಬ್ಬರು ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರಿ. 62 ಸಾವಿರ ಕೈಗೆ ಈಗಲೇ, ಆದರೆ ಮಾಲೀಕರ ಹೆಸರು ಬದಲಿಸುವ ಫಾರ್ಮ್ 29 ಮತ್ತು 30ಕ್ಕೆ ಮಾವ ಸಹಿ ಹಾಕಿ ಹೆಸರಿನ ಜಾಗ ಖಾಲಿ ಬಿಟ್ಟು ಕೊಡಬೇಕು, "ಪಾರ್ಟಿ ಸಿಕ್ಕಿದ ಮೇಲೆ ಟ್ರಾನ್ಸ್‌ಫರ್ ಮಾಡಿಸ್ತೇವೆ". ಮೇಲೆ ಹೇಳಿದ ತೀರ್ಪಿನ ಕಾರಿನ ಕತೆಯೂ ಹೀಗೇ ಕೈ ಬದಲಾದದ್ದು. ಇದನ್ನು ಕೂಡಲೇ ಬಿಟ್ಟರು.

ಇನ್ನೊಬ್ಬ ಮಂಗಳೂರಿನ ಯುವಕ, 95 ಸಾವಿರಕ್ಕೆ ತಯಾರು. ಅವನು ಫ್ರೇಮಿನ ಹಿಂದಿನ ಭಾಗ ಕತ್ತರಿಸಿ, ಸೈಲೆನ್ಸರ್ ಬದಲಿಸಿ ತನಗೆ ಬೇಕಾದ ಹಾಗೆ ಮಾಡುವವನು. ಟ್ರಾನ್ಸ್‌ಫರ್ ಬಗ್ಗೆ ಕೇಳಿದರೆ "ಅದೆಲ್ಲ ಆಗ್ತದೆ ಬ್ರೋ" ಎಂದ.

ಮೂರನೆಯವರು ಕುಂದಾಪುರ ಕಡೆಯವರು, ನಡುವಯಸ್ಸು. ಆಗಲೇ ಒಂದು ಹಳೆಯ ಬೈಕ್ ಇಟ್ಟುಕೊಂಡಿದ್ದರು, ಅದಕ್ಕಾಗಿ ಶೆಡ್ ಕಟ್ಟಿಸಿದ್ದರು. 85 ಸಾವಿರ. ಅವರ ಮೊದಲ ಮಾತು, "ಹ್ವಾಯ್, ಮೊದ್ಲ್ ಕಾಗ್ದ ಸರಿ ಮಾಡ್ಕಂಬ, ಮತ್ತೆ ಗಾಡಿ."

95ಕ್ಕೂ 85ಕ್ಕೂ ವ್ಯತ್ಯಾಸ ಹತ್ತು ಸಾವಿರ, ಈ ಹುಡುಗನಿಗೆ ಅದು ಎರಡು ತಿಂಗಳ ಕಂತು. ಸಣ್ಣದಲ್ಲ. ಅಪ್ಪ ಜಾಸ್ತಿ ಕೊಡುವವನಿಗೇ ಕೊಡು ಎಂದರು, ಅದೂ ತಪ್ಪಲ್ಲ. ಹುಡುಗ ಕುಂದಾಪುರದವರಿಗೆ ಕೊಟ್ಟ. ಗಾಡಿ ಕತ್ತರಿಸುವುದನ್ನು ನೆನೆಸಿಕೊಳ್ಳಲು ಆಗಲಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಹತ್ತು ಸಾವಿರ ಕಡಿಮೆಯಾದರೂ ಮಾವನ ಹೆಸರು ದಾಖಲೆಯಿಂದ ಹೋಗುತ್ತದೆ ಎಂಬ ಖಾತ್ರಿ. ಭಾವನೆಗೂ ಲೆಕ್ಕಕ್ಕೂ ಜಗಳ ಎಂದು ಹೇಳುತ್ತೇವಲ್ಲ, ಇಲ್ಲಿ ಎರಡೂ ಒಂದೇ ಕಡೆ ಕೈ ತೋರಿಸಿದವು. ನಾನಾದರೂ ಇದನ್ನೇ ಮಾಡುತ್ತಿದ್ದೆ.

ನೇಮ ಕಳೆದ ಮರುವಾರ ಕೆಲಸ ಮುಗಿಯಿತು. ದುಡ್ಡು ಬ್ಯಾಂಕ್ ಮೂಲಕ ಮಾವನ ಖಾತೆಗೇ ಬಂತು, ದಾಖಲೆಯಲ್ಲಿ ಮಾಲೀಕರು ಅವರೇ ಆದ್ದರಿಂದ. ಫಾರ್ಮ್ 29, 30 ಪೂರ್ತಿ ತುಂಬಿಸಿ, ದಿನಾಂಕ ಹಾಕಿ, ಎರಡೂ ಕಡೆಯವರ ಸಹಿ. ಗಾಡಿ ಒಯ್ದ ದಿನ ಮತ್ತು ಹೊತ್ತನ್ನು ಬರೆದು ಒಂದು ಚೀಟಿ, ಅದರ ಫೋಟೊ ಎಲ್ಲರ ಫೋನಿನಲ್ಲಿ. ರಾಜ್ಯದ ಒಳಗೇ ಆದರೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಮಾವ ಮುಂಬೈಗೆ ಹೊರಡುವ ಮೊದಲೇ ತಮ್ಮ ಪಾಲಿನದ್ದನ್ನು ಮುಗಿಸಿದರು. ಇನ್ಶೂರೆನ್ಸನ್ನೂ ಹೊಸ ಮಾಲೀಕರ ಹೆಸರಿಗೆ ಬದಲಿಸಲು 14 ದಿನದೊಳಗೆ ಕೇಳಿಕೊಳ್ಳಬೇಕು, ಕುಂದಾಪುರದವರು ಅದನ್ನೂ ಮಾಡಿದರು.

ಆಮೇಲೆ

ಮಾವ 85 ಸಾವಿರವನ್ನೂ ಹುಡುಗನಿಗೆ ಕಳಿಸಿದರು. ರಿಪೇರಿ ಖರ್ಚು ಕಳೆದು, 15 ಸಾವಿರ ತುರ್ತಿಗೆಂದು ಇಟ್ಟು, ಉಳಿದದ್ದನ್ನು ಶಿಕ್ಷಣ ಸಾಲಕ್ಕೆ ಕಟ್ಟಿದ. ಕಂತು ಅಷ್ಟೇ ಇಟ್ಟುಕೊಂಡದ್ದರಿಂದ ಸಾಲ ಸುಮಾರು ಒಂದು ವರ್ಷ ಮೊದಲೇ ಮುಗಿಯುತ್ತದೆ. ಮನೆಗೆ ಕಳಿಸುವ ದುಡ್ಡು ಆಮೇಲೆ ಯಾವ ತಿಂಗಳೂ ತಪ್ಪಲಿಲ್ಲ.

ಇದರಿಂದ ಎಲ್ಲ ಸರಿ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲ ಕೆಲವು ತಿಂಗಳು ಅವನು ತುಂಬ ಸಪ್ಪಗಿದ್ದ. ಊರಿಗೆ ಹೋಗುವುದನ್ನು ಕಡಿಮೆ ಮಾಡಿದ. ಹಳೆಯ ಗೆಳೆಯರು ಆಗುಂಬೆಗೆ ಹೊರಟರೆ ನೆಪ ಹೇಳುತ್ತಿದ್ದ. ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವಾಗ ದೂರದಿಂದ ಆರ್‌ಎಕ್ಸ್ ಸದ್ದು ಬಂದರೆ ಕತ್ತು ತಿರುಗಿಸದೆ ಇರಲು ಆಗುವುದಿಲ್ಲ ಎಂದು ಹೇಳಿದ. ಸಂಗತಿ ಮಾರಿದ ದಿನಕ್ಕೇ ಮುಗಿಯುತ್ತದೆ ಎಂದು ಹಿರಿಯರು ಅಂದುಕೊಳ್ಳುತ್ತಾರೆ, ಹಾಗಾಗುವುದಿಲ್ಲ. ಹೀಗೆ ಬಿಟ್ಟ ಹುಡುಗರನ್ನು ಆಮೇಲಿನ ತಿಂಗಳುಗಳಲ್ಲಿ ಒಮ್ಮೆ ಕೂರಿಸಿ ಮಾತಾಡಿಸಬೇಕು. "ಬರೇ ಒಂದು ಬೈಕ್" ಎಂದು ಮಾತ್ರ ಹೇಳಬಾರದು. ಆಗ ಅವನು ಹೇಳುವುದನ್ನೇ ನಿಲ್ಲಿಸುತ್ತಾನೆ.

ಅವನಿಗೆ ನಿಜವಾಗಿ ಸಹಾಯ ಆದದ್ದು ಒಂದು ಅನಿರೀಕ್ಷಿತ ಕಡೆಯಿಂದ. ಆಫೀಸಿನಲ್ಲಿ ಒಬ್ಬರ ಸ್ಕೂಟರ್ ಮಳೆಯಲ್ಲಿ ಸ್ಟಾರ್ಟ್ ಆಗದೆ ನಿಂತಿತ್ತು. ಇವನು ಪ್ಲಗ್ ತೆಗೆದು ಒರೆಸಿ ಹಾಕಿ ಸರಿ ಮಾಡಿದ. ಮರುದಿನದಿಂದ ಗಾಡಿ ತೊಂದರೆ ಇದ್ದವರೆಲ್ಲ ಇವನನ್ನು ಹುಡುಕಿಕೊಂಡು ಬರಲು ಶುರು ಮಾಡಿದರು. ಗಾಡಿ ಹೋದರೂ ಕಲಿತದ್ದು ಕೈಯಲ್ಲೇ ಇದೆ ಎಂದು ಆಗ ಅವನಿಗೆ ಗೊತ್ತಾಯಿತು. ಇದನ್ನು ಯಾರಾದರೂ ಮೊದಲೇ ಬಾಯಲ್ಲಿ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

ಕುಂದಾಪುರದವರು ಯಾವಾಗ ಬೇಕಾದರೂ ಬಂದು ಓಡಿಸು ಎಂದಿದ್ದಾರೆ. ಹೋಗಿಲ್ಲ. ಹೋಗಬೇಕು ಅಂತಲೂ ಇಲ್ಲ, ಅದನ್ನು ಅವನಿಗೇ ಬಿಟ್ಟಿದ್ದೇನೆ.

ಇದೇ ಸ್ಥಿತಿಯಲ್ಲಿ ಇರುವ ಇನ್ನೊಬ್ಬನಿಗೆ ಮಾರುವುದು ಸರಿಯಾಗದೇ ಇರಬಹುದು. ಮನೆಯಲ್ಲಿ ಒಣ ಜಾಗ ಇದ್ದು, ಆಗಾಗ ಕಿಕ್ ಹೊಡೆಯುವ ತಮ್ಮನೋ ಅಪ್ಪನೋ ಇದ್ದು, ಕಾಗದ ತನ್ನ ಹೆಸರಲ್ಲಿ ಸರಿ ಇದ್ದರೆ ಇಟ್ಟುಕೊಳ್ಳಲಿ, ಖಂಡಿತ ಇಟ್ಟುಕೊಳ್ಳಲಿ. ಈ ಹುಡುಗ ಸೋತದ್ದು ಇಟ್ಟುಕೊಂಡದ್ದರಿಂದಲ್ಲ, ಬಿಟ್ಟದ್ದರಿಂದಲೂ ಅಲ್ಲ. ಎರಡೂ ಮಾಡದೆ ಟಾರ್ಪಾಲ್ ಮುಚ್ಚಿಟ್ಟ ಆ ಒಂದು ಮಳೆಗಾಲದಿಂದ. ಅದರಲ್ಲಿ ಗಾಡಿಯೂ ಹಾಳಾಯಿತು, ಇನ್ಶೂರೆನ್ಸೂ ಹೋಯಿತು, ಮಾವನೂ ಅಪಾಯಕ್ಕೆ ಬಿದ್ದರು.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ದೊಡ್ಡಮ್ಮನ ಮಗನಿಗೆ ಸಿಟ್ಟಿದೆ. "ನನಗೆ ಕೊಟ್ಟಿದ್ರೆ ಗಾಡಿ ಮನೆಯಲ್ಲೇ ಇರ್ತಿತ್ತಲ್ವಾ, ಹೊರಗಿನವರಿಗೆ ಯಾಕೆ ಕೊಟ್ಟದ್ದು?" ಎಂದು ಕೇಳುತ್ತಾನೆ. ಅವನಿಗೆ ಕೊಡುವ ಮಾತು ನಿಜವಾಗಿಯೂ ಬಂದಿತ್ತು. ಮಾವ ಒಪ್ಪಿದ್ದರು, ಹೆಸರು ಬದಲಿಸಿಕೊಂಡು ಇನ್ಶೂರೆನ್ಸ್ ಕಟ್ಟುವುದಾದರೆ ದುಡ್ಡೂ ಬೇಡ ಎಂದಿದ್ದರು. ಅವನು "ಮನೆಯೊಳಗೆ ಎಂತ ಟ್ರಾನ್ಸ್‌ಫರ್" ಎಂದು ತಳ್ಳಿ ಹಾಕಿದ. ಆಗ ಮಾವ ಬೇಡ ಎಂದರು. ಈಗ ಮನೆಯ ಕಾರ್ಯಗಳಲ್ಲಿ ಅಣ್ಣ ತಮ್ಮ ಇಬ್ಬರೂ ಎದುರಾದರೆ ಊಟ ಆಯ್ತಾ ಎಂದು ಕೇಳುವಷ್ಟು ಮಾತ್ರ ಮಾತು. ದೊಡ್ಡಮ್ಮ ಇಬ್ಬರ ನಡುವೆ ಒಂದೆರಡು ಸಲ ಮಾತಾಡಿ ನೋಡಿದರು, ಆಗಲಿಲ್ಲ. ಮಾವ ಈ ಸಲ ನೇಮಕ್ಕೆ ಬಂದಾಗ ಇಬ್ಬರನ್ನೂ ಕೂರಿಸಿ ಮಾತಾಡುತ್ತೇನೆ ಎಂದಿದ್ದಾರೆ.